ಮೊದಲು ಬೆನ್ನು ನೋಡಿ: ಕೊಡಗಿನ ಮನೆಗಳ ಹಳೆ ರತ್ನಗಂಬಳಿ, ಜಮಖಾನ, ಚೇಲೆ

ನಮಸ್ಕಾರ. ಇದು ಜನವರಿ. ಕಣದಲ್ಲಿ ಕಾಫಿ ಒಣಗ್ತಾ ಇದೆ, ಗಾಳಿಯಲ್ಲಿ ತೇವ ಇಳಿದಿದೆ. ಹಳೆ ರತ್ನಗಂಬಳಿ, ಜಮಖಾನ, ಕೊಡವ ಗಂಡಸರು ನಡುವಿಗೆ ಬಿಗಿಯೋ ರೇಷ್ಮೆ ಚೇಲೆ ಇಂಥವನ್ನೆಲ್ಲ ಪೆಟ್ಟಿಗೆಯಿಂದ ತೆಗೆದು, ನಾಲ್ಕು ಜನ ಕೂತು ನಿಧಾನವಾಗಿ ನೋಡೋಕೆ ಕೊಡಗಿನಲ್ಲಿ ಇದೇ ಸರಿಯಾದ ಕಾಲ. ಮಳೆಗಾಲದಲ್ಲಿ ಹರವಿಟ್ಟರೆ ಉಣ್ಣೆ, ರೇಷ್ಮೆ ಎರಡೂ ಗಾಳಿಯ ತೇವ ಹೀರಿಕೊಳ್ಳುತ್ತವೆ. ಮತ್ತೆ ಸುತ್ತಿಟ್ಟಾಗ ಆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತೆ.

ಪರದೆ ಮೇಲೆ ಕಾಣ್ತಿರೋದು ನಮ್ಮ ಗುಂಪಿನ ಮೇಜು. ಗಂಜಿ ಹಾಕದ ಬಿಳಿ ಹೊದಿಕೆ ಹಾಸಿದೆ. ಉಂಗುರ, ಬಳೆ, ಕೈಗಡಿಯಾರ ತೆಗೆದಿಟ್ಟೇ ಕೂರೋದು, ಯಾಕಂದ್ರೆ ಹಳೆ ದಾರ ಒಂದು ಸಲ ಸಿಕ್ಕಿಕೊಂಡರೆ ಸಾಕು, ಹರಿಯುತ್ತೆ. ಬರೆಯೋಕೆ ಪೆನ್ಸಿಲ್ ಮಾತ್ರ, ಪೆನ್ನಿಗೆ ಅವಕಾಶ ಇಲ್ಲ. ಕಾಫಿ ಲೋಟ ಪಕ್ಕದ ಕೋಣೆಯಲ್ಲಿ. ಒಬ್ಬರು ಅಳೀತಾರೆ, ಒಬ್ಬರು ಬರೀತಾರೆ, ಒಬ್ಬರು ಫೋಟೋ ತೆಗೀತಾರೆ. ಕಣ್ಣಿಗೆ ಕಂಡದ್ದನ್ನ ಹಾಳೆಯ ಒಂದು ಕಡೆ, ಅಭಿಪ್ರಾಯವನ್ನ ಇನ್ನೊಂದು ಕಡೆ ಬರೀಬೇಕು. "ಕೆಂಪು ಮಸುಕಾಗಿದೆ" ಅನ್ನೋದು ಕಂಡದ್ದು, "ಇದು ಪರ್ಷಿಯಾದ್ದು" ಅನ್ನೋದು ಅಭಿಪ್ರಾಯ. ಈ ಎರಡು ಕಲಸಿಹೋದರೆ ಮುಂದಿನ ವರ್ಷ ಅದೇ ಕಂಬಳಿ ತೆಗೆದಾಗ ಹಳೆ ಟಿಪ್ಪಣಿ ಉಪಯೋಗಕ್ಕೆ ಬರಲ್ಲ.

ರತ್ನಗಂಬಳಿ ಬಂದ ಕೂಡಲೇ ಎಲ್ಲರ ಕಣ್ಣು ಹೂಬಳ್ಳಿಯ ಮೇಲೆ ಹೋಗುತ್ತೆ. ದಯವಿಟ್ಟು ಮೊದಲು ಮಗುಚಿ ಹಾಕಿ. ವಿನ್ಯಾಸವನ್ನ ಯಾವ ಊರಲ್ಲಿ ಬೇಕಾದ್ರೂ ನಕಲು ಮಾಡಬಹುದು. ಗಂಟು ಹಾಕೋ ರೀತಿ, ಉದ್ದಕ್ಕೆ ಹೋಗೋ ಹಾಸಿನ ದಾರ, ಅಡ್ಡಕ್ಕೆ ಹೋಗೋ ಹೊಕ್ಕಿನ ದಾರ, ಅಂಚು ಕಟ್ಟಿರೋ ಬಗೆ ಇವು ನೇಯ್ದವರ ಕೈಯ ಅಭ್ಯಾಸ, ಅಷ್ಟು ಸುಲಭಕ್ಕೆ ಬದಲಾಗಲ್ಲ. ಬೆನ್ನು ಕಾಗದದ ಮೇಲೆ ಅಚ್ಚು ಹಾಕಿದಷ್ಟು ಏಕರೂಪವಾಗಿದ್ದು, ತುದಿಯ ಕುಚ್ಚನ್ನ ಬೇರೆಯಾಗಿ ಹೊಲಿದಿದ್ದರೆ ಅದು ಯಂತ್ರದ ಕೆಲಸ. ಕೈನೇಯ್ಗೆಯಲ್ಲಿ ಕುಚ್ಚು ಅಂದ್ರೆ ಹಾಸಿನ ದಾರದ ತುದಿಯೇ.

ಈಗ ಗಂಟು ಎಣಿಸೋಣ. ಗಂಟು ಅಂದ್ರೆ ಹಾಸಿನ ಜೋಡಿ ಎಳೆಗೆ ಸುತ್ತಿದ ಉಣ್ಣೆಯ ತುಂಡು, ಅದರಲ್ಲಿ ಮುಖ್ಯವಾಗಿ ಟರ್ಕಿ, ಪರ್ಷಿಯನ್ ಅಂತ ಎರಡು ಬಗೆ. ಬೆನ್ನ ಮೇಲೆ ಸ್ಕೇಲ್ ಇಟ್ಟು ಅಡ್ಡಕ್ಕೆ 1 ಇಂಚು, ಉದ್ದಕ್ಕೆ 1 ಇಂಚು ಎಣಿಸಿ ಗುಣಿಸಬೇಕು. ಒಂದೇ ಜಾಗ ಸಾಲದು, ನಾಲ್ಕು ಮೂಲೆ ಮತ್ತು ನಡುವೆ ಎಣಿಸಿ ಸರಾಸರಿ ತೆಗೀರಿ. ಎಡವೋದು ಎಲ್ಲಿ ಅಂದ್ರೆ, ಟರ್ಕಿ ಗಂಟು ಹಾಸಿನ ಎರಡೂ ಎಳೆಗಳನ್ನ ಸುತ್ತುತ್ತೆ, ಹಾಗಾಗಿ ಬೆನ್ನಲ್ಲಿ ಸಾಮಾನ್ಯವಾಗಿ ಒಂದೊಂದು ಗಂಟಿಗೂ ಪಕ್ಕಪಕ್ಕದಲ್ಲಿ ಎರಡು ಉಬ್ಬು ಕಾಣುತ್ತೆ. ಉಬ್ಬನ್ನೇ ಗಂಟು ಅಂತ ಎಣಿಸಿದರೆ ಅಡ್ಡಕ್ಕೆ 8 ಇರೋದು 16 ಆಗುತ್ತೆ. 8 ಗುಣಿಸು 10, ಅಂದ್ರೆ 80 ಗಂಟಿನ ಕಂಬಳಿ 160ರದ್ದು ಅಂತ ಮಾರಾಟವಾಗೋದು ಹೀಗೇ. ಪರ್ಷಿಯನ್ ಗಂಟಿನಲ್ಲಿ ಒಂದು ಎಳೆ ಇನ್ನೊಂದರ ಹಿಂದೆ ಅಡಗಿದ್ದರೆ ಒಂದೇ ಉಬ್ಬು ಕಾಣುತ್ತೆ, ಎರಡೂ ಎಳೆ ಸಮವಾಗಿದ್ದರೆ ಅದರಲ್ಲೂ ಎರಡು ಕಾಣುತ್ತೆ. ಅನುಮಾನ ಇದ್ದರೆ ಕಂಬಳಿಯನ್ನ ಹೊಕ್ಕಿನ ಸಾಲಿನ ಉದ್ದಕ್ಕೆ ಮೆಲ್ಲಗೆ ಬಾಗಿಸಿ, ಉಣ್ಣೆಯ ಬುಡ ತೆರೆದು, ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಭೂತಗನ್ನಡಿ ಹಿಡೀರಿ. ಎರಡು ತುದಿಯೂ ಜೋಡಿ ಎಳೆಗಳ ನಡುವಿನಿಂದ ಒಟ್ಟಿಗೆ ಮೇಲೆ ಬಂದಿದ್ರೆ ಟರ್ಕಿ ಗಂಟು. ಒಂದು ತುದಿ ನಡುವಿನಿಂದ, ಇನ್ನೊಂದು ಹೊರಗಿನಿಂದ ಬಂದಿದ್ರೆ ಪರ್ಷಿಯನ್.

ಗಂಟು ಜಾಸ್ತಿ ಇದ್ದರೆ ಹಳೇದು ಅನ್ನೋ ನಂಬಿಕೆ ತಪ್ಪು. ಸೈಬೀರಿಯಾದ ಅಲ್ತಾಯ್ ಬೆಟ್ಟಗಳಲ್ಲಿ, ಪಾಜಿರಿಕ್ ಅನ್ನೋ ಕಡೆ ಮಂಜುಗಟ್ಟಿದ ಗೋರಿಯಲ್ಲಿ ಸಿಕ್ಕ ಸುಮಾರು 2,400 ವರ್ಷ ಹಿಂದಿನ ಕಂಬಳಿಯಲ್ಲಿ 10 ಸೆಂಟಿಮೀಟರ್ ಚೌಕಕ್ಕೆ ಸುಮಾರು 3,600 ಗಂಟಿವೆ, ಚದರ ಇಂಚಿಗೆ ಲೆಕ್ಕ ಹಾಕಿದರೆ 230ರ ಆಸುಪಾಸು. ನಿನ್ನೆ ಮೊನ್ನೆ ನೇಯ್ದ ಕಂಬಳಿಗಳಲ್ಲಿ ಅದಕ್ಕಿಂತ ಹೆಚ್ಚೂ ಸಿಗುತ್ತೆ, ಕಡಿಮೆಯೂ ಸಿಗುತ್ತೆ.

ಕುಶಾಲನಗರದಿಂದ ಕಾವೇರಿ ದಾಟಿದರೆ ಬೈಲುಕುಪ್ಪೆ. ಅಲ್ಲಿನ ಟಿಬೆಟಿಯನ್ ಕಂಬಳಿ ಇಲ್ಲಿ ಸುತ್ತಮುತ್ತಲ ಮನೆಗಳಲ್ಲಿ ಸಿಗುತ್ತೆ. ಅದರ ಲೆಕ್ಕವೇ ಬೇರೆ. ಹಾಸಿನ ಮುಂದೆ ಒಂದು ಸರಳು ಅಡ್ಡ ಹಿಡಿದು, ಉಣ್ಣೆಯನ್ನ ಎಳೆ ಮತ್ತು ಸರಳಿಗೆ ಸೇರಿಸಿ ಸುತ್ತಿಕೊಂಡು ಹೋಗಿ, ಸಾಲು ಮುಗಿದ ಮೇಲೆ ಸರಳಿನ ಮೇಲಿರೋ ಕುಣಿಕೆಗಳನ್ನ ಚಾಕುವಿನಿಂದ ಕೊಯ್ತಾರೆ. ಪರ್ಷಿಯನ್ ಕಂಬಳಿಯ ಗಂಟಿನ ಸಂಖ್ಯೆ ಜೊತೆ ಇದನ್ನ ಹೋಲಿಸಿ ಕೀಳು ಅನ್ನೋದು ಅನ್ಯಾಯ, ಉಣ್ಣೆಯ ಗುಣ ನೋಡಿ ಬೆಲೆ ಕಟ್ಟಬೇಕು. ಇನ್ನೊಂದು ವಿಷಯ. ಬೈಲುಕುಪ್ಪೆಯಲ್ಲಿ ಟಿಬೆಟಿಯನ್ನರ ವಸತಿ ಶುರುವಾಗಿದ್ದು 1961ರಲ್ಲಿ. ಅಲ್ಲಿ ನೇಯ್ದದ್ದು ಅಂತ ಹೇಳಿ ನೂರು ವರ್ಷದ್ದು ಅಂದ್ರೆ ಎರಡರಲ್ಲಿ ಒಂದು ಸುಳ್ಳು.

ಬಣ್ಣಕ್ಕೆ ಬರೋಣ. ಮೇಲಿನ ಉಣ್ಣೆಯನ್ನ ಎರಡು ಬೆರಳಿನಿಂದ ಬಿಡಿಸಿ ಬುಡ ನೋಡಿ. ಈಗ ಕ್ಯಾಮೆರಾ ಹತ್ತಿರ ಹೋಗ್ತಿದೆ. ತುದಿ ಬೂದು, ಬುಡದಲ್ಲಿ ಕಣ್ಣಿಗೆ ಹೊಡೆಯೋ ನೇರಳೆ. ಹೀಗಿದ್ರೆ ಮೊದಮೊದಲ ರಾಸಾಯನಿಕ ಬಣ್ಣ ಇರಬಹುದು ಅಂತ ಬರ್ಕೊಳ್ಳಿ. ಮಂಜಿಷ್ಠದ ಕೆಂಪು, ನೀಲಿ ಗಿಡದ ನೀಲಿ ತುದಿಯಿಂದ ಬುಡಕ್ಕೆ ಮೆಲ್ಲಗೆ ಗಾಢವಾಗ್ತಾ ಹೋಗುತ್ತವೆ. ಮೊದಲ ರಾಸಾಯನಿಕ ನೇರಳೆ ಬಂದದ್ದು 1856ರಲ್ಲಿ. ಮಂಜಿಷ್ಠದ ಕೆಂಪಿಗೆ ಕಾರಣವಾದ ಅಲಿಜರಿನ್ ಅನ್ನ ಪ್ರಯೋಗಶಾಲೆಯಲ್ಲಿ ತಯಾರಿಸೋದು 1860ರ ದಶಕದ ಕೊನೆಗೆ ಸಾಧ್ಯವಾಯಿತು. ಕೃತಕ ನೀಲಿ ಮಾರುಕಟ್ಟೆಗೆ ಬಂದದ್ದು 1897ರಲ್ಲಿ. ಈ ಬಣ್ಣಗಳು ಸಿಕ್ಕಿದರೆ ಕಂಬಳಿ ಆ ವರ್ಷಕ್ಕಿಂತ ಹಿಂದಿನದಲ್ಲ, ಅಷ್ಟೇ ಹೇಳಬಹುದು. ಆದರೆ ಅಲಿಜರಿನ್ ಮತ್ತು ನೀಲಿಯಲ್ಲಿ ಗಿಡದ್ದು ಯಾವುದು, ಕಾರ್ಖಾನೆಯದು ಯಾವುದು ಅಂತ ಬರಿಗಣ್ಣಿಗೆ ತಿಳಿಯಲ್ಲ, ಅದಕ್ಕೆ ಪ್ರಯೋಗಶಾಲೆಯೇ ಬೇಕು. ಗಿಡದ ಬಣ್ಣ ಇದೆ ಅಂದ ಮಾತ್ರಕ್ಕೆ ಹಳೇದೂ ಅಲ್ಲ, ಟರ್ಕಿಯಲ್ಲಿ 1980ರ ದಶಕದಿಂದ ಗಿಡದ ಬಣ್ಣದಲ್ಲೇ ಮತ್ತೆ ನೇಯ್ತಿದ್ದಾರೆ.

ಕೆಲವು ಕಂಬಳಿಗಳಲ್ಲಿ ಇಸವಿಯನ್ನೇ ನೇಯ್ದಿರ್ತಾರೆ, ಹಿಜರಿ ಅಂದ್ರೆ ಮುಸ್ಲಿಂ ಪಂಚಾಂಗದ ಲೆಕ್ಕದಲ್ಲಿ. ಅದರಿಂದ ನೂರಕ್ಕೆ ಮೂರರಂತೆ ಕಳೆದು 622 ಕೂಡಿಸಿ. 1320 ಇದ್ದರೆ ಸುಮಾರು 40 ಕಳೆದು 1280, 622 ಕೂಡಿಸಿದರೆ 1902. ಆ ಅಂಕಿಗಳ ಬೆನ್ನನ್ನ ತಪ್ಪದೆ ನೋಡಿ. ವಯಸ್ಸು ಹೆಚ್ಚಿಸೋಕೆ ಒಂದು ಅಂಕಿಯ ಗಂಟುಗಳನ್ನ ಕಿತ್ತು ಬೇರೆ ಹಾಕಿದ್ದರೆ ಅಲ್ಲಿನ ದಾರ ಮಾತ್ರ ಹೊಸದಾಗಿ, ಉಬ್ಬಿಕೊಂಡು ಕಾಣುತ್ತೆ.

ತೊಳೆಯೋ ಯೋಚನೆ ಇದ್ದರೆ ಮೊದಲು ಬಣ್ಣ ಬಿಡುತ್ತಾ ನೋಡಿ. ಬಿಳಿ ಹತ್ತಿ ಬಟ್ಟೆಯನ್ನ ಒದ್ದೆ ಮಾಡಿ ಹಿಂಡಿ, ಒಂದೊಂದು ಬಣ್ಣದ ಮೇಲೂ ಬೇರೆ ಬೇರೆಯಾಗಿ ಹದಿನೈದು ಸೆಕೆಂಡ್ ಒತ್ತಿ ಹಿಡೀರಿ. ಉಜ್ಜಬೇಡಿ. ಒಂದು ಬಣ್ಣ ಹತ್ತಿದರೂ ನೀರಿಗೆ ಹಾಕೋದು ಬೇಡ. ರೇಷ್ಮೆ ಅಂತ ಹೇಳಿದ್ದು ನಿಜವಾ ಅಂತ ನೋಡೋಕೆ, ತಾನಾಗೇ ಬಿದ್ದ ಒಂದು ಎಳೆಯನ್ನ ಚಿಮಟದಲ್ಲಿ ಹಿಡಿದು ಸುಡಿ. ರೇಷ್ಮೆ, ಉಣ್ಣೆ ಸುಟ್ಟ ಕೂದಲಿನ ವಾಸನೆ ಬರುತ್ತೆ, ಉಳಿದ ಕರಿ ಉಂಡೆ ಬೆರಳಲ್ಲಿ ಪುಡಿಯಾಗುತ್ತೆ. ಹತ್ತಿ, ರೇಯಾನ್ ಕಾಗದ ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ.

ಕೊಡಗಿನಲ್ಲಿ ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದ್ದು ಹಾಸು ಕೊಳೆಯೋದು. ಮೇಲೆ ಉಣ್ಣೆ ಚೆನ್ನಾಗೇ ಇರುತ್ತೆ, ಕೆಳಗೆ ಹತ್ತಿಯ ಹಾಸು ವರ್ಷಗಟ್ಟಲೆ ತೇವ ಕುಡಿದು ಸತ್ತಿರುತ್ತೆ. ಹೂಕುಂಡ ಇಟ್ಟ ಜಾಗ, ಮಳೆಯ ಎರಚಲು ಬೀಳೋ ಕಿಟಕಿ ಕೆಳಗಿನ ಮೂಲೆ, ಗೋಡೆ ಒತ್ತಿನ ಅಂಚು ಮೊದಲು ಹೋಗುತ್ತವೆ. ಅಲ್ಲಿ ಎರಡು ಕೈಯಲ್ಲಿ ಹಿಡಿದು ಸ್ವಲ್ಪವೇ ಬಾಗಿಸಿ ಕಿವಿ ಕೊಡಿ. ಚಟಚಟ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಇಂಥ ಕಂಬಳಿಯನ್ನ ಕೊಡವಬಾರದು, ಕೋಲಲ್ಲಿ ಬಡೀಬಾರದು, ತಂತಿ ಮೇಲೆ ನೇತು ಹಾಕಬಾರದು, ತೊಳೀಬಾರದು. ಒದ್ದೆಯಾದ ಕಂಬಳಿ ತನ್ನ ಭಾರಕ್ಕೇ ಹರಿಯುತ್ತೆ. ಧೂಳು ತೆಗೆಯೋಕೆ ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ, ಎಳೆತ ಕಡಿಮೆ ಇಟ್ಟು, ಉಣ್ಣೆ ಮಲಗಿದ ದಿಕ್ಕಿಗೆ ಎಳೀರಿ. ಬೆನ್ನ ಕಡೆಯೂ ಅಷ್ಟೇ ಮುಖ್ಯ. ಕುಚ್ಚಿನ ಹತ್ತಿರ ಹೋಗಬೇಡಿ.

ಇನ್ನು ನುಸಿ, ಅಂದ್ರೆ ಬಟ್ಟೆ ಚಿಟ್ಟೆಯ ಮರಿಹುಳು. ಅದು ಉಣ್ಣೆ, ರೇಷ್ಮೆ ತಿನ್ನುತ್ತೆ, ಶುದ್ಧ ಹತ್ತಿ ಮುಟ್ಟಲ್ಲ. ಹಾಗಂತ ಹತ್ತಿ ಜಮಖಾನ ಕ್ಷೇಮ ಅಲ್ಲ. ಗಂಜಿ ಹಾಕಿಟ್ಟಿದ್ದರೆ ಬೆಳ್ಳಿಹುಳು ಆ ಗಂಜಿಗಾಗಿ ನೂಲನ್ನ ಕೆರೆಯುತ್ತೆ. ನವಲಗುಂದದ ಹಳೆ ಜಮಖಾನ, ಪಗಡೆ ಹಾಸಿನ ಚಿತ್ತಾರದ್ದು, ನಿಮ್ಮಲ್ಲಿದ್ದರೆ ಗಂಜಿ ಇಲ್ಲದೇ ಇಡಿ. ನುಸಿ ಹಿಡಿದದ್ದಕ್ಕೆ ನಾವು ನಂಬೋದು ಚಳಿಯನ್ನ. ಹಂದಿ ಮಾಂಸಕ್ಕೆ ಅಂತ ಡೀಪ್ ಫ್ರೀಜರ್ ಇರೋ ಮನೆ ಇಲ್ಲಿ ಎಷ್ಟೋ ಇವೆ. ಅದನ್ನ ಪೂರ್ತಿ ಖಾಲಿ ಮಾಡಿ ಒರೆಸಿ. ಒಣಗಿದ ಕಂಬಳಿಯನ್ನ ಹತ್ತಿ ಬಟ್ಟೆಯಲ್ಲಿ ಸುತ್ತಿ, ಪಾಲಿಥೀನ್ ಚೀಲದಲ್ಲಿ ಗಾಳಿ ಹೊರಹಾಕಿ ಟೇಪ್ ಅಂಟಿಸಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಬಿಡಿ. ತೆಗೆದ ಕೂಡಲೇ ಚೀಲ ಬಿಚ್ಚಬಾರದು, ಒಂದು ದಿನ ಹಾಗೇ ಇರಲಿ. ಇಲ್ಲದಿದ್ರೆ ಕೋಣೆಯ ತೇವ ತಣ್ಣಗಿರೋ ಉಣ್ಣೆ ಮೇಲೆ ನೀರಾಗಿ ಕೂರುತ್ತೆ. ನಡುವೆ ಕರೆಂಟು ಹೋಗಿ ಒಳಗಿನ ಚಳಿ ಇಳಿದಿದ್ರೆ ಎರಡು ವಾರದ ಲೆಕ್ಕ ಮೊದಲಿಂದ.

ಚೇಲೆಯ ವಿಷಯ ಬೇರೆಯಾಗೇ ಹೇಳಬೇಕು. ಕುಪ್ಯ ಅನ್ನೋ ಉದ್ದನೆ ಕೋಟಿನ ಮೇಲೆ ಬಿಗಿದು, ಪೀಚೆಕತ್ತಿ ಅನ್ನೋ ಸಣ್ಣ ಕತ್ತಿ ಸಿಕ್ಕಿಸೋ ಈ ಕೆಂಪು ರೇಷ್ಮೆಗೆ ಸವೆತ ಕತ್ತಿ ಉಜ್ಜೋ ಜಾಗದಲ್ಲಿ ಮತ್ತು ಮಡಿಕೆಯ ಗೆರೆಯಲ್ಲಿ. ಮದುವೆಯಿಂದ ಬಂದು ಬೆವರಿನ ಸಮೇತ ಪೆಟ್ಟಿಗೆಗೆ ಹಾಕಬೇಡಿ, ನೆರಳಲ್ಲಿ ಹರವಿ ಪೂರ್ತಿ ಆರಲಿ. ಹಳೆ ಅಸಲಿ ಜರಿ ಅಂದ್ರೆ ರೇಷ್ಮೆ ಎಳೆಯ ಸುತ್ತ ಬೆಳ್ಳಿಯ ತೆಳು ಪಟ್ಟಿ, ಅದರ ಮೇಲೆ ಚಿನ್ನದ ಲೇಪ. ಕಪ್ಪಾಗಿದೆ ಅಂತ ಪಾಲಿಶ್ ಹಾಕಿ ಉಜ್ಜಿದರೆ ಕಪ್ಪಿನ ಜೊತೆ ಆ ಲೇಪವೂ ಹೋಗುತ್ತೆ, ಮತ್ತೆ ಬರಲ್ಲ. ಜರಿ ಮುಟ್ಟುವಾಗ ಕೈಗವಸು ಹಾಕಿ, ನುಸಿಗುಳಿಗೆ ಅದರ ಹತ್ತಿರಕ್ಕೂ ಬೇಡ.

ಮೇ ತಿಂಗಳ ಮಳೆ ಬೀಳೋ ಮೊದಲು ಎಲ್ಲವನ್ನೂ ಸುತ್ತಿಡಬೇಕು. ಮಡಿಸೋದಲ್ಲ, ಸುತ್ತೋದು. ಅಗಲಕ್ಕಿಂತ ಸ್ವಲ್ಪ ಉದ್ದ ಇರೋ ದಪ್ಪ ರಟ್ಟಿನ ಕೊಳವೆಗೆ ಒಗೆದ ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಕಂಬಳಿಯನ್ನ ಉಣ್ಣೆ ಮಲಗಿದ ದಿಕ್ಕಿಗೇ ಸುತ್ತಿ, ಹೊರಗಿಂದ ಮತ್ತೆ ಹತ್ತಿ ಬಟ್ಟೆ. ಪ್ಲಾಸ್ಟಿಕ್ ಇಲ್ಲಿ ಬೇಡವೇ ಬೇಡ, ಒಳಗೇ ಬೆವರುತ್ತೆ. ನೆಲ, ಹೊರಗೋಡೆ ಎರಡರಿಂದಲೂ ದೂರ ಇಡಿ. ಪಕ್ಕದಲ್ಲಿ ತೇವ ಅಳೆಯೋ ಸಣ್ಣ ಮೀಟರ್ ಇರಲಿ, ಶೇಕಡಾ 65 ದಾಟಿದರೆ ಬೂಷ್ಟಿನ ಭಯ, ಡಿಹ್ಯುಮಿಡಿಫೈಯರ್ ಅಥವಾ ಫ್ಯಾನ್ ಹಾಕಿ. ನೂರು ವರ್ಷ ದಾಟಿದ ವಸ್ತುವನ್ನ ವಿದೇಶದಲ್ಲಿರೋ ಮಕ್ಕಳಿಗೆ ಕಳಿಸೋ ಯೋಚನೆ ಇದ್ದರೆ, 1972ರ ಪುರಾತನ ವಸ್ತುಗಳ ಕಾಯ್ದೆ ಅದಕ್ಕೆ ಅವಕಾಶ ಕೊಡಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೊರಬಟ್ಟೆ ಸರಿಸಿ ಟಾರ್ಚ್ ಬಿಟ್ಟು ನೋಡಿ. ಕಂಬಳಿಯದೇ ಬಣ್ಣದ ಮರಳಿನಂಥ ಪುಡಿ ಉದುರಿದ್ರೆ ಅದು ನುಸಿಯ ಹಿಕ್ಕೆ, ಅವತ್ತೇ ಫ್ರೀಜರ್ ಖಾಲಿ ಮಾಡಿ.