ಮೂಸೆಗೊಂದು ಚಿಟಿಕೆ ಸೀರಿಯಂ

ಕೇಳುಗರಿಗೆ ನಮಸ್ಕಾರ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆ ಅಲ್ಯೂಮಿನಿಯಂ ಎರಕ ಹುಯ್ಯುವವರು ಯಾರಾದರೂ ರೇಡಿಯೊ ಹಾಕಿಕೊಂಡಿದ್ದರೆ, ಐದು ನಿಮಿಷ ಬ್ಲೋಯರ್ ನಿಲ್ಲಿಸಿ. ಎರಕ ಪಟಕ್ಕನೆ ಮುರಿಯದ ಹಾಗೆ ಮೂಸೆಗೆ ಚಿಟಿಕೆ ಸೀರಿಯಂ ಹಾಕುವ ಈ ಮಾತು ನಿಮಗೇ.

ಸೀರಿಯಂ, ಲ್ಯಾಂಥನಮ್ ಮುಂತಾದ ಲೋಹಗಳನ್ನು ರೇರ್ ಅರ್ತ್, ಅಂದರೆ ವಿರಳ ಭಸ್ಮ ಲೋಹ ಅನ್ನುತ್ತೇವೆ. 'ರೇರ್' ಅಂದಾಕ್ಷಣ ಹೆದರಬೇಡಿ, ಭೂಮಿಯಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಕೇರಳದ ಕಡಲತೀರದ ಮೊನಜೈಟ್ ಮರಳಿನಲ್ಲಿದೆ, ಸಿಗರೇಟ್ ಲೈಟರಿನ ಕಿಡಿಕಲ್ಲಿನಲ್ಲೂ ಇದೆ. ಆ ಕಲ್ಲನ್ನೇ ಮೂಸೆಗೆ ಹಾಕೀರಿ ಮತ್ತೆ! ಅದರಲ್ಲಿ ಕಬ್ಬಿಣವಿದೆ, ಅಲ್ಯೂಮಿನಿಯಂಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ.

ಮಂಡ್ಯದ ಹತ್ತಿರ ಒಬ್ಬ ಮೇಸ್ತ್ರಿ ಪಂಪಿನ ಮುಚ್ಚಳ ಎರಕ ಹುಯ್ಯುತ್ತಿದ್ದರು. ಬೋಲ್ಟ್ ಬಿಗಿದರೆ ಅದು ಕೂರುವ ಅಂಚಿನ ಕಿವಿ ಪಟಕ್ಕನೆ ಮುರಿಯೋದು. ಒಂದು ಚೂರು ತಂದು, ನುಣ್ಣಗೆ ಉಜ್ಜಿ, ಸೂಕ್ಷ್ಮದರ್ಶಕದಲ್ಲಿಟ್ಟು ಅವರಿಗೇ ತೋರಿಸಿದೆ. "ಇದೇನ್ ಸಾ, ಕಣದಲ್ಲಿ ಹುಲ್ಲು ಚೆಲ್ಲಿದಂಗದೆ" ಅಂದರು. ಆ ಹುಲ್ಲುಕಡ್ಡಿಗಳೇ ಸಿಲಿಕಾನ್. ಎರಕ ಸಲೀಸಾಗಿ ಹರಿಯಲು ಸಿಲಿಕಾನ್ ಬೇಕೇ ಬೇಕು. ಆದರೆ ಕಡ್ಡಿಯಾಗಿ ಬೆಳೆದರೆ ಅದರ ತುದಿಯಿಂದಲೇ ಬಿರುಕು ಶುರು. ನೂರು ಕಿಲೋ ಕರಗಿದ ಲೋಹಕ್ಕೆ 200 ಗ್ರಾಂ ಸೀರಿಯಂ ಸೇರುವ ಹಾಗೆ ಲೆಕ್ಕ ಹಾಕಿ ಬೆರೆಸಿದೆವು. ಅದು ಸಿಲಿಕಾನ್ ಬೆಳೆಯುವ ತುದಿಗೆ ಅಡ್ಡ ನಿಂತುಬಿಡುತ್ತದೆ. ಮತ್ತೆ ನೋಡಿದರೆ ಹುಲ್ಲಿಲ್ಲ, ರಾಗಿ ಚೆಲ್ಲಿದ ಹಾಗೆ ಚುಕ್ಕೆಗಳು. ಮುಚ್ಚಳ ಬಾಗಿತೇ ಹೊರತು ಮುರಿಯಲಿಲ್ಲ.

ತಿಂಗಳಾದ ಮೇಲೆ ಫೋನು. "ಮತ್ತೆ ಮುರೀತಾವೆ ಸಾ." ಎಷ್ಟು ಹಾಕಿದಿರಿ ಅಂದೆ. "ಒಳ್ಳೇದಲ್ವಾ ಅಂತ ಒಂದು ಕಿಲೋ ಹಾಕ್ಬುಟ್ಟೆ." ನನಗೆ ಸಿಟ್ಟೇ ಬಂತು, ಸುಳ್ಳೇಕೆ ಹೇಳಲಿ. ಪಾಯಸಕ್ಕೆ ಪಚ್ಚಕರ್ಪೂರವನ್ನು ಸೌಟಿನಲ್ಲಿ ಹಾಕುತ್ತಾರೇನ್ರೀ? ಹೆಚ್ಚಾದ ಸೀರಿಯಂ, ಅಲ್ಯೂಮಿನಿಯಂ ಮತ್ತು ಸಿಲಿಕಾನ್ ಜೊತೆ ಕೂಡಿ ತಾನೇ ಗಡುಸು ಕಡ್ಡಿಯಾಗುತ್ತದೆ. ಹಳೇ ಹುಲ್ಲು ಹೋಯಿತು, ಹೊಸ ಹುಲ್ಲು ಬಂತು. ಅದಕ್ಕೇ ಹೇಳುವುದು, ಚಿಟಿಕೆ. ಚಿಟಿಕೆ ಸಾಕು.

ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ. ಇನ್ನೊಂದು ರೇರ್ ಅರ್ತ್ ಲೋಹ ಸ್ಕ್ಯಾಂಡಿಯಂ ವಿಷಯ ಹೇಳಬೇಕೆಂದಿದ್ದೆ, ಆಗಲಿಲ್ಲ. ಅದು ಅಲ್ಯೂಮಿನಿಯಮ್ಮಿನ ಹರಳುಗಳನ್ನೇ ಸಣ್ಣದಾಗಿಸುತ್ತದೆ, ಆದರೆ ಬೆಲೆ ಕೇಳಿದರೆ ನೀವು ಕುಲುಮೆ ಆರಿಸಿ ಮನೆಗೆ ಹೋಗುತ್ತೀರಿ. ಕರಗಿದ ಲೋಹದಿಂದ ಹೈಡ್ರೋಜನ್ ತೆಗೆಯುವುದನ್ನು ಮರೆಯಬೇಡಿ, ಆ ಅನಿಲ ಒಳಗೇ ಉಳಿದರೆ ಎರಕದಲ್ಲಿ ತೂತು ಬೀಳುತ್ತದೆ, ತೂತು ಬಿದ್ದ ಎರಕವನ್ನು ಯಾವ ಸೀರಿಯಮ್ಮೂ ಕಾಪಾಡದು. ಇನ್ನು ಕೈಯಲ್ಲಿ ಬಾಚಿ ಹಾಕುವ ಅಭ್ಯಾಸ ಇದ್ದವರು ನಾಳೆ ಬೆಳಗ್ಗೆ ಮೊದಲು ಒಂದು ತಕ್ಕಡಿ ತನ್ನಿ. ಸೀರಿಯಂ ಆಮೇಲೆ. ನಮಸ್ಕಾರ.