ಬೋರ್ಡಿನ ಹತ್ತಿರ ಮಾತಾಡುವ ಮಾಸ್ಟ್ರು

(ಮುಂಬಯಿಯ ಮಾಟುಂಗಾದಲ್ಲಿ ಕನ್ನಡ ಶಾಲೆಗಳ ಶಿಕ್ಷಕರು ಮತ್ತು ಪಾಲಕರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಭಾನುವಾರ, ಅದೂ ಹಳಿ ರಿಪೇರಿಗೆ ಅಂತ ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಇರುವ ದಿನ, ಡೊಂಬಿವಲಿಯಿಂದ, ಮೀರಾರೋಡಿನಿಂದ ಇಲ್ಲಿವರೆಗೆ ಬಂದಿದ್ದೀರಿ. ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ: ಶಿಕ್ಷಕರು ಹೇಗೆ ಕಲಿಸುತ್ತಾರೆ ಅಂತ ಮಕ್ಕಳನ್ನೇ, ಮುಖ್ಯಾಧ್ಯಾಪಕರು ಹೇಗಿದ್ದಾರೆ ಅಂತ ಅವರ ಕೈಕೆಳಗಿನವರನ್ನೇ ಕೇಳುವುದು.

ನಾನು ಕಲಿಸಲು ಶುರುಮಾಡಿದ್ದು ಫೋರ್ಟ್ ಕಡೆಯ ಒಂದು ರಾತ್ರಿ ಶಾಲೆಯಲ್ಲಿ. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಕೈಯಲ್ಲಿ ಸಾಬೂನಿನ ವಾಸನೆ ಇರುವಾಗಲೇ ಬಂದು ಕೂರುವ ಹುಡುಗರು. ಒಂದು ದಿನ ಪಾಠ ಮುಗಿದ ಮೇಲೆ ಕುಂದಾಪುರ ಕಡೆಯವನೊಬ್ಬ ಹತ್ತಿರ ಬಂದ. "ಮಾಸ್ಟ್ರೇ, ಒಂದು ಹೇಳ್ಲಾ? ನೀವು ಬೋರ್ಡಿನ ಹತ್ರ ಮಾತಾಡ್ತೀರಿ. ನಮ್ಮ ಹತ್ರ ಮಾತಾಡುದಿಲ್ಲ" ಅಂದ. ನನಗೆ ಸಿಟ್ಟು ಬಂತು. ಬಿ.ಎಡ್. ಮುಗಿಸಿ ಬಂದ ಬಿಸಿ ಇನ್ನೂ ಆರಿರಲಿಲ್ಲ. ಆದರೆ ಲೋಕಲಿನಲ್ಲಿ ನಿಂತು ಮನೆಗೆ ಹೋಗುವಾಗ ಹೊಳೆಯಿತು, ಹುಡುಗ ಹೇಳಿದ್ದು ನಿಜ. ಬೋರ್ಡಿನಲ್ಲಿ ಬರೆಯುತ್ತಾ, ಅವರಿಗೆ ಬೆನ್ನು ಹಾಕಿಕೊಂಡೇ ವಿವರಿಸುತ್ತಿದ್ದೆ. ಬಿ.ಎಡ್.ನಲ್ಲಿ ನನ್ನ ಅಷ್ಟೊಂದು ಪಾಠಗಳನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ ಪ್ರಾಧ್ಯಾಪಕರು ಯಾರೂ ಇದನ್ನು ಹೇಳಿರಲಿಲ್ಲ.

ಆ ಶಾಲೆಯಲ್ಲಿ ಫೀಡ್‌ಬ್ಯಾಕ್ ಫಾರ್ಮ್ ಅಂತ ಏನೂ ಇರಲಿಲ್ಲ. ಹಾಜರಿ ಪುಸ್ತಕವೇ ಫಾರ್ಮ್. ಪಾಠ ರುಚಿಸದಿದ್ದರೆ ಅವರು ಬರುತ್ತಿರಲಿಲ್ಲ, ಅಷ್ಟೇ. ಹಗಲು ಶಾಲೆಯ ಮಕ್ಕಳಿಗೆ ಆ ಸ್ವಾತಂತ್ರ್ಯ ಇಲ್ಲ. ಬೇಸರವಾದರೂ ಕೂರಲೇಬೇಕು. ಅದಕ್ಕೇ ಅವರನ್ನು ನಾವೇ ಕೇಳಬೇಕಾಗುತ್ತದೆ.

ಈಗ ನಮ್ಮಲ್ಲಿ ಶಿಕ್ಷಕರನ್ನು ಅಳೆಯುವುದು ಹೇಗೆ? ಇನ್‌ಸ್ಪೆಕ್ಷನ್. ನನ್ನ ಕ್ಲಾಸಿಗೆ ಬಂದ ಅಧಿಕಾರಿಗಳಲ್ಲಿ ಬಹಳ ಜನಕ್ಕೆ ಕನ್ನಡ ಬರುತ್ತಿರಲಿಲ್ಲ. ತಪ್ಪು ಅವರದ್ದಲ್ಲ ಬಿಡಿ. ಎಂಟು ಭಾಷೆಗಳಲ್ಲಿ ಮಹಾನಗರಪಾಲಿಕೆ ಶಾಲೆಗಳು ನಡೆಯುವ ಊರು ಇದು, ಎಲ್ಲ ಭಾಷೆ ಬಲ್ಲ ಅಧಿಕಾರಿಯನ್ನು ಎಲ್ಲಿಂದ ತರುವುದು? ಅವರು ಪಾಠದ ಟಿಪ್ಪಣಿ ನೋಡುತ್ತಿದ್ದರು, ನಕಾಶೆ ನೋಡುತ್ತಿದ್ದರು, ತಲೆಯಾಡಿಸಿ ಹೋಗುತ್ತಿದ್ದರು. ನಾವೂ ಕಮ್ಮಿ ಇರಲಿಲ್ಲ. ನಿನ್ನೆ ಮುಗಿಸಿದ ಪಾಠವನ್ನೇ ಇವತ್ತು ಹೊಸದಾಗಿ ಶುರುಮಾಡುತ್ತಿದ್ದೆವು. ಅವರು ನೋಡಿದ್ದು ಒಂದು ಪೀರಿಯಡ್. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಆರನೆಯಿಂದ ಎಂಟನೆಯವರೆಗಿನ ಮಗುವಿಗೆ ವರ್ಷಕ್ಕೆ 220 ದಿನ ಶಾಲೆ ಇರಬೇಕು. ಯಾರು ಜಾಸ್ತಿ ನೋಡಿದ ಹಾಗಾಯ್ತು?

ಅಮೆರಿಕದಲ್ಲಿ 2009ರಲ್ಲಿ ಗೇಟ್ಸ್ ಫೌಂಡೇಶನ್ ಹಣದಿಂದ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಸುಮಾರು 3000 ಶಿಕ್ಷಕರು ತಾವಾಗಿಯೇ ಸೇರಿಕೊಂಡರು. ಪಾಠದ ವಿಡಿಯೋ ತೆಗೆದರು, ಪರೀಕ್ಷೆಯ ಅಂಕ ನೋಡಿದರು, ಜೊತೆಗೆ ಮಕ್ಕಳನ್ನೂ ಕೇಳಿದರು. ಪ್ರಶ್ನೆಗಳು ಹಾರ್ವರ್ಡಿನ ರೊನಾಲ್ಡ್ ಫರ್ಗುಸನ್ ಬೆಳೆಸಿದ ಟ್ರೈಪಾಡ್ ಸಮೀಕ್ಷೆಯವು. ಒಳ್ಳೆಯ ಶಿಕ್ಷಕರು ಯಾರು ಅಂತ ಮಕ್ಕಳ ಉತ್ತರದಿಂದಲೂ ಬೇಕಾದಷ್ಟು ತಿಳಿಯುತ್ತದೆ ಅಂತ ಅದರಲ್ಲಿ ಕಂಡುಬಂತು. ಆದರೆ ನನಗೆ ಹಿಡಿಸಿದ್ದು ಪ್ರಶ್ನೆಗಳ ಧಾಟಿ. "ನಿಮ್ಮ ಟೀಚರ್ ಒಳ್ಳೆಯವರಾ?" ಅಂತ ಅಲ್ಲಿ ಕೇಳುವುದಿಲ್ಲ. ಈ ಕ್ಲಾಸಿನಲ್ಲಿ ನಾವು ನಮ್ಮ ತಪ್ಪು ತಿದ್ದಿಕೊಳ್ಳಲು ಕಲಿಯುತ್ತೇವೆ, ಈ ಕ್ಲಾಸಿನಲ್ಲಿ ಸಮಯ ಹಾಳಾಗುವುದಿಲ್ಲ. ಇಂಥ ವಾಕ್ಯಗಳಿಗೆ ಹೌದು, ಇಲ್ಲ, ಕೆಲವೊಮ್ಮೆ ಅನ್ನಬೇಕು.

ವ್ಯತ್ಯಾಸ ಕಂಡಿತಾ? "ಒಳ್ಳೆಯವರಾ" ಅಂದರೆ ಮಗು ನ್ಯಾಯಾಧೀಶ ಆಗಬೇಕು. "ತಪ್ಪು ಎಲ್ಲಾಯ್ತು ಅಂತ ತೋರಿಸ್ತಾರಾ" ಅಂದರೆ ಬರೀ ಸಾಕ್ಷಿ ಹೇಳಿದರೆ ಸಾಕು. ಎಂಟನೇ ಕ್ಲಾಸಿನ ಹುಡುಗಿ ಒಳ್ಳೆಯ ಸಾಕ್ಷಿ. ಟೀಚರಿಗೆ ಬೀಜಗಣಿತ ಎಷ್ಟು ಗೊತ್ತು ಅಂತ ಅವಳು ಹೇಳಲಾರಳು, ಹೇಳಲೂಬಾರದು. ಆದರೆ ನೋಟ್‌ಬುಕ್ ತಿದ್ದಿ ಕೊಟ್ಟರಾ, ಸುಮ್ನೆ ಸಹಿ ಹಾಕಿ ಕೊಟ್ಟರಾ ಅನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂರನೇ ಕ್ಲಾಸಿನವರನ್ನು ಕೇಳಿದರೆ ಮಾತ್ರ ಎಲ್ಲದಕ್ಕೂ ನಗುವ ಮುಖಕ್ಕೇ ಟಿಕ್ ಹಾಕುತ್ತಾರೆ. ಆ ವಯಸ್ಸಿನವರಿಗೆ ಕಾಗದ ಬೇಡ, ಕೂರಿಸಿ ಮಾತಾಡಿಸಿ.

ನ್ಯಾಯಾಧೀಶರನ್ನಾಗಿ ಮಾಡಿದರೆ ದೊಡ್ಡವರೇ ಮೋಸಹೋಗುತ್ತಾರೆ. 1970ರಲ್ಲಿ ಅಮೆರಿಕದಲ್ಲಿ ಒಬ್ಬ ನಟನನ್ನು ಡಾ. ಫಾಕ್ಸ್ ಅಂತ ಪರಿಚಯಿಸಿ, ವೈದ್ಯಶಿಕ್ಷಣದಲ್ಲಿ ಆಟದ ಗಣಿತ ಅನ್ನುವ ವಿಷಯದ ಮೇಲೆ ಉಪನ್ಯಾಸ ಮಾಡಿಸಿದರು. ಅರ್ಥವಿಲ್ಲದ ಮಾತು, ಆದರೆ ನಗಿಸುವ, ಮಿಂಚುವ ಮಾತು. ಕೇಳಿದವರಲ್ಲಿ ಮನೋವೈದ್ಯರೂ ಇದ್ದರು. ಚೆನ್ನಾಗಿತ್ತು ಅಂತ ಬಹುತೇಕ ಎಲ್ಲರೂ ಬರೆದುಕೊಟ್ಟರು. ತಾಳಮದ್ದಳೆ ಕೇಳಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯ ಇಲ್ಲ, ಅಲ್ವಾ? ಅರ್ಥಧಾರಿಯ ಮಾತಿಗೆ ಚಪ್ಪಾಳೆ ಹೊಡೆದು, ಮನೆಗೆ ಹೋದ ಮೇಲೆ "ಅಲ್ಲ, ಕೌರವನ ಪಕ್ಷವೇ ಸರಿ ಅಂತ ಯಾಕೆ ಒಪ್ಪಿದೆ?" ಅಂತ ತಲೆ ಕೆರೆದುಕೊಂಡವರು ಇಲ್ಲೂ ಇದ್ದೀರಿ. ನಾನೂ ಒಬ್ಬ.

ಈಗ ನಮ್ಮದೇ ಕಷ್ಟಕ್ಕೆ ಬರುತ್ತೇನೆ. ಸಮೀಕ್ಷೆ ಅಂದ ತಕ್ಷಣ "ಹೆಸರು ಬರೆಯಬೇಡಿ" ಅನ್ನುತ್ತೇವೆ. ಮುಂಬಯಿಯ ಕನ್ನಡ ಮಾಧ್ಯಮದಲ್ಲಿ ಇವತ್ತು ಒಂದು ಕ್ಲಾಸಿನಲ್ಲಿ ಹನ್ನೊಂದು ಮಕ್ಕಳಿದ್ದರೆ, ಹೆಸರು ಬರೆಯದೆ ಇದ್ದು ಏನು ಪ್ರಯೋಜನ? ವರ್ಷವಿಡೀ ನೋಟ್‌ಬುಕ್ ತಿದ್ದಿದವರಿಗೆ "ತ" ಅಕ್ಷರದ ಬಾಲ ನೋಡಿದರೆ ಸಾಕು, ಯಾರು ಅಂತ ಗೊತ್ತಾಗುತ್ತದೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹೀಗೇ ಆಯಿತು. ಟೀಚರ್ ಅಕ್ಷರ ಗುರುತು ಹಿಡಿದರು. ಬೈಯಲಿಲ್ಲ. ಆದರೆ ಆಮೇಲೆ ಆ ಹುಡುಗಿಗೆ ಓದಲು ಹೇಳುವುದನ್ನೇ ನಿಲ್ಲಿಸಿದರು. ಅವಳು ಕೈ ಎತ್ತಿಕೊಂಡೇ ಕೂತಿರುತ್ತಿದ್ದಳು. ಮುಖ್ಯಾಧ್ಯಾಪಕನಾಗಿದ್ದ ನನಗೆ ಅದು ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಆ ಸಮೀಕ್ಷೆ ಮಾಡಿಸಿದ್ದು ನಾನೇ.

ಅಂದಿನಿಂದ ನನ್ನ ನಿಯಮ: ಮಕ್ಕಳು ಬರೀ ಟಿಕ್ ಹಾಕಲಿ. ಬರೆಯುವುದಿದ್ದರೆ ಬೇರೆ ಯಾರಾದರೂ ಅದನ್ನು ಟೈಪ್ ಮಾಡಿಯೇ ಟೀಚರಿಗೆ ಕೊಡಲಿ. ಕ್ಲಾಸ್ ಚಿಕ್ಕದಿದ್ದರೆ ಎರಡು ಕ್ಲಾಸಿನ ಉತ್ತರ ಸೇರಿಸಿ ತೋರಿಸಲಿ. ಫಾರ್ಮ್ ಹಂಚುವಾಗ ಆ ಟೀಚರ್ ಕೋಣೆಯಲ್ಲಿ ಇರಬಾರದು. ಕಾಲೇಜುಗಳಿಗೆ ಈ ಗೋಳು ಕಮ್ಮಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ 2017ರಲ್ಲಿ ತನ್ನ ಮೌಲ್ಯಮಾಪನಕ್ಕೆ ವಿದ್ಯಾರ್ಥಿಗಳ ಸಮೀಕ್ಷೆಯನ್ನೂ ಸೇರಿಸಿತು, ಅದು ಆನ್‌ಲೈನಿನಲ್ಲೇ ನಡೆಯುತ್ತಿತ್ತು.

ಇನ್ನು ಮುಖ್ಯಾಧ್ಯಾಪಕರ ಸರದಿ. ನಮ್ಮ ರಾಜ್ಯದ ಖಾಸಗಿ ಶಾಲೆಗಳ 1981ರ ನೌಕರರ ನಿಯಮಗಳಲ್ಲಿ ಗೋಪನೀಯ ಅಹವಾಲಿಗೆ, ಅಂದರೆ ಗುಟ್ಟಿನ ವರದಿಗೆ, ಜಾಗ ಇದೆ. ಮೇಲಿನವರು ಕೆಳಗಿನವರ ಬಗ್ಗೆ ಬರೆಯುವುದು. ಕೆಳಗಿನವರು ಮೇಲಿನವರ ಬಗ್ಗೆ ಬರೆಯುವ ಪದ್ಧತಿ ಸ್ಟಾಫ್ ರೂಮಿನ ಚಹಾದ ಹೊತ್ತಿಗೆ ಮಾತ್ರ, ಅದೂ ಬಾಯಿಮಾತಿನಲ್ಲಿ. ನಾನು ಒಮ್ಮೆ ಧೈರ್ಯ ಮಾಡಿ ಶಿಕ್ಷಕರಿಗೆ, ಗುಮಾಸ್ತರಿಗೆ, ಸಿಪಾಯಿಗೆ ಎಲ್ಲರಿಗೂ ಕಾಗದ ಹಂಚಿದೆ. ಬಹಳಷ್ಟು ಕಾಗದಗಳಲ್ಲಿ "ಎಲ್ಲ ಚೆನ್ನಾಗಿದೆ". ಒಂದರಲ್ಲಿ ಇತ್ತು: "ನಿಮ್ಮ ಕೋಣೆ ಬಾಗಿಲು ಯಾವಾಗಲೂ ತೆರೆದಿರುತ್ತದೆ. ಆದರೆ ಬಂದವರಿಗೆ ಕುರ್ಚಿ ಇಲ್ಲ." ತಿರುಗಿ ನೋಡಿದೆ. ಹೌದು, ನನ್ನ ಮೇಜಿನ ಎದುರಿನ ಎರಡು ಕುರ್ಚಿಗಳ ಮೇಲೂ ಫೈಲಿನ ರಾಶಿ. ಇಷ್ಟು ವರ್ಷ ಎಲ್ಲರೂ ನಿಂತುಕೊಂಡೇ ಮಾತಾಡಿ ಹೋಗಿದ್ದರು. ಇನ್ನೊಂದರಲ್ಲಿ, ಶಾಲೆ ಬಿಟ್ಟ ಮೇಲೆ ಮೀಟಿಂಗ್ ಕರೆದರೆ ಕಲ್ಯಾಣಕ್ಕೆ ಹೋಗುವವರು ಗರ್ದಿಯಲ್ಲಿ ಸಿಕ್ಕಿಬೀಳುತ್ತಾರೆ ಅಂತ. ನಾನಿದ್ದದ್ದು ವಡಾಲಾದಲ್ಲಿ, ನಡೆದುಕೊಂಡು ಹೋಗುತ್ತಿದ್ದೆ. ನನಗೆ ಹೊಳೆದೇ ಇರಲಿಲ್ಲ.

ಮುಖ್ಯಾಧ್ಯಾಪಕರಿಗೆಂದೇ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಮಾಡಿದ ಒಂದು ಪ್ರಶ್ನಾವಳಿ ಇದೆ. ಶಿಕ್ಷಕರು, ಮೇಲಧಿಕಾರಿ, ಸ್ವತಃ ಮುಖ್ಯಾಧ್ಯಾಪಕರು, ಮೂವರೂ ಅದನ್ನು ತುಂಬಬೇಕು. 72 ಪ್ರಶ್ನೆ. ನಮ್ಮವರಿಗೆ ಅಷ್ಟು ತಾಳ್ಮೆ ಇಲ್ಲ, ಹನ್ನೆರಡು ಸಾಕು. ಆದರೆ ಅದರಲ್ಲಿರುವ ಒಂದು ಉಪಾಯ ಕದಿಯುವಂಥದ್ದು. ಅಂಕ ಕೊಡುವ ಮುಂಚೆ, ಇದನ್ನು ಕಣ್ಣಾರೆ ನೋಡಿದಿರಾ, ಬೇರೆಯವರು ಹೇಳಿದರಾ, ಕಾಗದಪತ್ರದಲ್ಲಿ ಕಂಡಿರಾ ಅಂತ ಗುರುತು ಹಾಕಬೇಕು. ಸ್ಟಾಫ್ ರೂಮಿನ ಗಾಳಿಸುದ್ದಿಗೆ ಇದಕ್ಕಿಂತ ಒಳ್ಳೆಯ ಜರಡಿ ನಾನು ಕಂಡಿಲ್ಲ.

ಬಂದ ಉತ್ತರವನ್ನು ಸಂಬಂಧಪಟ್ಟವರಿಗೆ ತೋರಿಸಲೇಬೇಕು. 2008ರ ದೇವ್ ದತ್ತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ನೌಕರರ ವಾರ್ಷಿಕ ವರದಿಯ ಪ್ರತಿ ಮಾತನ್ನೂ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಅವರಿಗೆ ತಿಳಿಸಬೇಕು ಅಂತ ಹೇಳಿತು. ಬೀರುವಿನಲ್ಲಿ ಬೀಗ ಹಾಕಿಟ್ಟ ಫೀಡ್‌ಬ್ಯಾಕ್‌ನಿಂದ ಯಾರು ತಿದ್ದಿಕೊಳ್ಳುತ್ತಾರೆ ಹೇಳಿ.

ಹಾಗಾದರೆ ಇದನ್ನೇ ಬಡ್ತಿಗೆ, ಇನ್‌ಕ್ರಿಮೆಂಟಿಗೆ ಜೋಡಿಸೋಣವೇ? ನನಗೆ ಮನಸ್ಸಿಲ್ಲ. ಜೋಡಿಸಿದ ವರ್ಷವೇ ಸಮೀಕ್ಷೆಯ ಹಿಂದಿನ ದಿನ ಮಕ್ಕಳಿಗೆ ಸಮೋಸ ಸಿಗುತ್ತದೆ. ಕಟ್ಟುನಿಟ್ಟಿನ ಟೀಚರ್ ಸಡಿಲ ಬಿಡುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರ ಬಡ್ತಿಗೆ ಹಲವು ಅಳತೆಗೋಲು ಇರಲಿ ಅನ್ನುತ್ತದೆ. ಸಹೋದ್ಯೋಗಿಗಳ ಅಭಿಪ್ರಾಯ, ಹಾಜರಿ, ಬದ್ಧತೆ, ತರಬೇತಿಯ ಗಂಟೆಗಳು. ಆ ಸಾಲಿಗೆ ಮಕ್ಕಳ ಮಾತನ್ನೂ ಸೇರಿಸಿ ಅಂತ ಕೆಲವರು ವಾದಿಸುತ್ತಾರೆ. ಅದು ಶಾಲೆಯೊಳಗೇ ಇರಲಿ, ರಿಪೇರಿಗೆ ಇರಲಿ ಅನ್ನುವವನು ನಾನು.

ರಿಪೇರಿಗೆ ಅಂದಮೇಲೆ ಮಾರ್ಚಿನಲ್ಲಿ ಕೇಳಬೇಡಿ. ಆಗ ಕೇಳಿದರೆ ಲಾಭ ಮುಂದಿನ ವರ್ಷದ ಮಕ್ಕಳಿಗೆ. ದೀಪಾವಳಿ ರಜೆಗೆ ಎರಡು ವಾರ ಮುಂಚೆ ಕೇಳಿ.

ನಾವು ಹಾಗೆ ಕೇಳಿದ ಮೊದಲ ವರ್ಷ ಏಳನೇ ಕ್ಲಾಸಿನ ಗಣಿತಕ್ಕೆ "ಟೀಚರ್ ಹೇಳಿದ್ದು ಸ್ಪಷ್ಟವಾಗಿ ತಿಳಿಯುತ್ತದೆ" ಅನ್ನುವಲ್ಲಿ ತೀರಾ ಕಮ್ಮಿ ಬಂತು. ಟೀಚರ್ ಅತ್ತೇಬಿಟ್ಟರು. ಹದಿನೆಂಟು ವರ್ಷದ ಅನುಭವ ಅವರದ್ದು. ಅಂಕ ಮಾತ್ರ ನೋಡಿದ್ದರೆ ಅವರ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಮಕ್ಕಳ ಜೊತೆ ಕೂತು ಕೇಳಿದೆವು. ಹಿಂದಿನ ಮೂರು ಬೆಂಚಿನವರದ್ದೇ ದೂರು. ಕಿಟಕಿಯ ಆಚೆ ರೈಲ್ವೆ ಹಳಿ. ಲೋಕಲ್ ಹೋದಾಗಲೆಲ್ಲ ಟೀಚರಿನ ಅರ್ಧ ವಾಕ್ಯ ಗಾಡಿಯ ಜೊತೆ ಹೋಗುತ್ತಿತ್ತು. ಬೋರ್ಡಿನ ಪಕ್ಕ ನಿಂತವರಿಗೆ ಆ ಸದ್ದು ಅಭ್ಯಾಸವಾಗಿತ್ತು. ಗಾಡಿ ಬಂದಾಗ ಮಾತು ನಿಲ್ಲಿಸಿ, ಆ ಹೆಜ್ಜೆಯನ್ನು ಬೋರ್ಡಿನಲ್ಲಿ ಬರೆಯೋಣ ಅಂತ ಅವರೇ ಉಪಾಯ ಮಾಡಿದರು.

ಎರಡನೇ ಟರ್ಮಿನಲ್ಲಿ ಮತ್ತೆ ಫಾರ್ಮ್ ಕೊಟ್ಟೆವು. ಒಬ್ಬ ಬರೆದಿದ್ದ: "ಈಗ ಲೋಕಲ್ ಬಂದರೆ ಟೀಚರ್ ನಿಲ್ಲಿಸುತ್ತಾರೆ. ಗಣಿತ ಕೇಳಿಸುತ್ತದೆ. ಆದರೆ ಅವರು ನಿಲ್ಲಿಸಿದಾಗ ನಾವು ಗಲಾಟೆ ಮಾಡುತ್ತೇವೆ."