ರಾಬರ್ಟ್ ಬರ್ನ್ಸ್‌ನ ಬಾಳಿನ ಹೆಂಗಸರು: ಕಾಗದಕ್ಕೆ ಬಂದವರು, ಬಾರದವರು

ಸಭೆಯಲ್ಲಿರುವ ಹಿರಿಯರೇ, ಸಹೃದಯ ಮಿತ್ರರೇ,

ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಓದಿ ಬೆಳೆದವರಿಗೆ ರಾಬರ್ಟ್ ಬರ್ನ್ಸ್ ಹೊಸ ಹೆಸರಲ್ಲ. 1759ರ ಜನವರಿ 25ರಂದು ಸ್ಕಾಟ್ಲೆಂಡಿನ ಏರ್‌ಶೈರ್ ಸೀಮೆಯ ಅಲೊವೇ ಎಂಬ ಹಳ್ಳಿಯಲ್ಲಿ ಗೇಣಿ ರೈತನ ಮಗನಾಗಿ ಹುಟ್ಟಿದ ಈ ಕವಿ 1796ರ ಜುಲೈನಲ್ಲಿ, ತನ್ನ 37ನೆಯ ವಯಸ್ಸಿನಲ್ಲಿ, ಡಂಫ್ರೀಸ್ ಪಟ್ಟಣದಲ್ಲಿ ತೀರಿಕೊಂಡ. ಅವನ ಬಾಳಿನಲ್ಲಿ ಬಂದುಹೋದ ಹೆಂಗಸರ ಮಾತೆತ್ತಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ: ಒಂದೋ ರಸಿಕನ ಪ್ರೇಮಪ್ರಸಂಗಗಳನ್ನು ಸಾಲಾಗಿ ಹೇಳಿ ನಗಿಸುತ್ತಾರೆ, ಇಲ್ಲವೇ ಅವನನ್ನು ಕಟಕಟೆಗೆ ಏರಿಸುತ್ತಾರೆ. ಎರಡೂ ಕಡೆ ನಮ್ಮ ಕಣ್ಣು ಕವಿಯ ಮೇಲೆಯೇ ನೆಟ್ಟಿರುತ್ತದೆ. ಇವತ್ತು ನಾನು ಕೇಳಹೊರಟಿರುವುದು ಬೇರೆ ಪ್ರಶ್ನೆ. ಈ ಹೆಂಗಸರು ನಮ್ಮ ತನಕ ತಲುಪಿದ್ದು ಯಾವ ಕಾಗದದ ಮೇಲೆ? ಒಬ್ಬಳು ಹಾಡಿನಲ್ಲಿ ಉಳಿದಿದ್ದಾಳೆ, ಒಬ್ಬಳು ತನ್ನದೇ ಪತ್ರಗಳಲ್ಲಿ, ಮತ್ತೊಬ್ಬಳು ಚರ್ಚಿನ ದಫ್ತರದಲ್ಲಿ. ಯಾರು ಎಲ್ಲಿ ಉಳಿದರು ಎಂಬುದನ್ನು ಪ್ರೀತಿಗಿಂತ ಹೆಚ್ಚಾಗಿ ಅವರವರ ಅಂತಸ್ತು ಮತ್ತು ಅಕ್ಷರ ತೀರ್ಮಾನಿಸಿದವು ಎಂಬುದು ನನ್ನ ಅಭಿಪ್ರಾಯ.

ಮೊದಲು ತಾಯಿ. ಆಗ್ನೆಸ್ ಬ್ರೌನ್‌ಗೆ ಓದಲು ಒಂದಿಷ್ಟು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಆದರೆ ಹಳೆಯ ಹಾಡುಗಳು ಅವಳ ಬಾಯಲ್ಲಿದ್ದವು. ಅದೇ ಮನೆಗೆ ಬಂದು ಇರುತ್ತಿದ್ದ ಬಂಧು, ಬೆಟ್ಟಿ ಡೇವಿಡ್ಸನ್ ಎಂಬ ವಿಧವೆ, ದೆವ್ವ, ಭೂತ, ಮಾಟಗಾತಿಯರ ಕಥೆಗಳ ಕಣಜವೇ ಆಗಿದ್ದಳು. 1787ರಲ್ಲಿ ಡಾಕ್ಟರ್ ಜಾನ್ ಮೂರ್‌ಗೆ ಬರೆದ ಆತ್ಮಕಥನದ ಪತ್ರದಲ್ಲಿ ಬರ್ನ್ಸ್ ಅವಳನ್ನು ಕೃತಜ್ಞತೆಯಿಂದ ನೆನೆಯುತ್ತಾನೆ. ಆ ಕಥೆಗಳ ದೆಸೆಯಿಂದ ಈಗಲೂ ರಾತ್ರಿ ಹೊತ್ತು ಅನುಮಾನದ ಜಾಗಗಳಲ್ಲಿ ಕಣ್ಣು ತಾನಾಗಿ ಚುರುಕಾಗುತ್ತದೆ ಎಂದು ಒಪ್ಪಿಕೊಳ್ಳುತ್ತಾನೆ. ಮುಂದೆ ಪಾಳುಚರ್ಚಿನಲ್ಲಿ ಮಾಟಗಾತಿಯರನ್ನು ಕುಣಿಸಿದ ‘ಟ್ಯಾಮ್ ಓ ಶ್ಯಾಂಟರ್’ ಕವನದ ಬೇರು ಈ ಅಡುಗೆಮನೆಯಲ್ಲಿದೆ.

ಅವನ ಮೊದಲ ಹಾಡಿಗೂ ಒಬ್ಬ ಹುಡುಗಿಯ ಹಾಡೇ ಕಾರಣ. ಹದಿನೈದರ ಹರೆಯದಲ್ಲಿ, ಸುಗ್ಗಿಯ ಗದ್ದೆಯಲ್ಲಿ, ಪದ್ಧತಿಯಂತೆ ಗಂಡಸಿಗೊಬ್ಬ ಹೆಣ್ಣಾಳು ಜೊತೆಗಿರುತ್ತಿದ್ದಾಗ, ಅವನ ಪಾಲಿಗೆ ಬಂದವಳು ನೆಲ್ಲಿ. ಅವಳ ಅಂಗೈಗೆ ಚುಚ್ಚಿದ ತುರಿಕೆಗಿಡದ ಮುಳ್ಳುಗಳನ್ನು ಆರಿಸಿ ತೆಗೆಯುವಾಗ ತನ್ನ ನಾಡಿ ಹೇಗೆ ಹೊಡೆದುಕೊಂಡಿತೆಂದು ಅವನು ಅದೇ ಪತ್ರದಲ್ಲಿ ಹೇಳಿದ್ದಾನೆ. ಅವಳು ಹಾಡುತ್ತಿದ್ದ ಹಾಡನ್ನು ಒಬ್ಬ ಚಿಕ್ಕ ಜಮೀನ್ದಾರನ ಮಗ ಕಟ್ಟಿದ್ದನಂತೆ. ಅವನಿಗೆ ಸಾಧ್ಯವಾದದ್ದು ನನಗೇಕೆ ಆಗದು ಎಂದು ಈ ಹುಡುಗನೂ ಕಟ್ಟಿದ.

1785ರಲ್ಲಿ ಮನೆಯ ಆಳಾಗಿದ್ದ ಎಲಿಜಬೆತ್ ಪೇಟನ್ ಅವನ ಮೊದಲ ಮಗಳನ್ನು ಹೆತ್ತಳು. ಮದುವೆಯಾಗಲಿಲ್ಲ. ಹುಟ್ಟಿದ ಮಗುವನ್ನು ನಾಚಿಕೆಯಿಲ್ಲದೆ, ಅಭಿಮಾನದಿಂದ ಸ್ವಾಗತಿಸುವ ಕವನವನ್ನು ಅವನು ಬರೆದ; ಆ ಕಾಲಕ್ಕೆ ಅದು ಎದೆಗಾರಿಕೆಯ ಮಾತೇ ಸರಿ. ಆದರೆ ಕವನದಲ್ಲಿ ಹೆತ್ತವಳ ಪಾಲೆಷ್ಟು? ಅವಳ ರೂಪಗುಣ ಮಗುವಿಗೆ ಬರಲಿ ಎಂಬ ಹಾರೈಕೆಯಷ್ಟೇ. ಆ ಮಗುವನ್ನು ಸಾಕಿದ್ದು ಕವಿಯೂ ಅಲ್ಲ, ಅವನ ತಾಯಿ.

ಈಗ ಜೀನ್ ಆರ್ಮರ್. ಮಾಕ್ಲಿನ್ ಊರಿನ ಕಲ್ಲುಕುಟಿಗ ಜೇಮ್ಸ್ ಆರ್ಮರ್‌ನ ಮಗಳು, ಬರ್ನ್ಸ್‌ಗಿಂತ ಆರು ವರ್ಷ ಚಿಕ್ಕವಳು. 1786ರಲ್ಲಿ ಅವಳು ಬಸುರಿಯಾದಾಗ ಅವನು ಅವಳನ್ನು ಹೆಂಡತಿಯೆಂದು ಒಪ್ಪಿಕೊಂಡು ಒಂದು ಕಾಗದ ಬರೆದುಕೊಟ್ಟ. ಅಂದಿನ ಸ್ಕಾಟಿಷ್ ಕಾನೂನಿನಲ್ಲಿ ಪರಸ್ಪರ ಒಪ್ಪಿಗೆಯೇ ಮದುವೆ, ಅಂಥ ಕಾಗದವೇ ಸಾಕ್ಷಿ. ಬಡ ರೈತನೂ ಬಾಯಿಬಡುಕನೂ ಆದ ಅಳಿಯ ಬೇಡವೆಂದು ತಂದೆ ಆ ಕಾಗದವನ್ನು ಏರ್ ಪಟ್ಟಣದ ವಕೀಲನ ಬಳಿಗೆ ಒಯ್ದು ಅದರಲ್ಲಿದ್ದ ಹೆಸರುಗಳನ್ನು ಕತ್ತರಿಸಿ ತೆಗೆಸಿದ. ಮಗಳನ್ನು ಪೇಸ್ಲಿ ಊರಿಗೆ ಸಾಗಹಾಕಿದ. ಜೀನ್ ತನಗೆ ದ್ರೋಹ ಮಾಡಿದಳೆಂದು ಬರ್ನ್ಸ್ ಗೆಳೆಯರಿಗೆಲ್ಲ ಬರೆದ. ಇಪ್ಪತ್ತೊಂದರ ಹುಡುಗಿ ತಂದೆಯನ್ನು ಎದುರಿಸಿ ನಿಲ್ಲಬೇಕಿತ್ತೆಂದು ಅವನು ಬಯಸಿದ್ದು ಸಹಜವಿರಬಹುದು. ನನಗೆ ಅದು ನ್ಯಾಯವೆನಿಸುವುದಿಲ್ಲ. ಅವಳ ಕಡೆಯ ಮಾತು ಸಿಗುವುದು ಚರ್ಚಿನ ಮಂಡಲಿಗೆ ಅದೇ ಜೂನ್‌ನಲ್ಲಿ ಅವಳು ಕೊಟ್ಟ ಚಿಕ್ಕ ಪತ್ರದಲ್ಲಿ ಮಾತ್ರ: ನಿಮಗೆ ತೊಂದರೆ ಕೊಟ್ಟದ್ದಕ್ಕೆ ವಿಷಾದಿಸುತ್ತೇನೆ, ನಾನು ಬಸುರಿ, ತಂದೆ ರಾಬರ್ಟ್ ಬರ್ನ್ಸ್. ಅಷ್ಟೇ, ದೂರಿಲ್ಲ, ಅಳುವೂ ಇಲ್ಲ. ಆ ಬೇಸಿಗೆಯಲ್ಲಿ ಬರ್ನ್ಸ್ ಚರ್ಚಿನಲ್ಲಿ ಸಭೆಯೆದುರು ನಿಂತು ಛೀಮಾರಿ ಕೇಳಿ, ಅವಿವಾಹಿತನೆಂಬ ಪ್ರಮಾಣಪತ್ರ ಪಡೆದ. ಜುಲೈ 31ರಂದು ಕಿಲ್ಮಾರ್ನಾಕ್‌ನಲ್ಲಿ ಅವನ ಮೊದಲ ಸಂಕಲನದ 612 ಪ್ರತಿಗಳು ಹೊರಬಂದವು. ಸೆಪ್ಟೆಂಬರ್ 3ರಂದು ಜೀನ್ ಅವಳಿ ಮಕ್ಕಳನ್ನು ಹೆತ್ತಳು.

ಇದೇ ವರ್ಷ ಹೈಲ್ಯಾಂಡ್ ಮೇರಿ, ಅಂದರೆ ಮೇರಿ ಕ್ಯಾಂಬೆಲ್. ಅವಳೂ ಬರ್ನ್ಸ್‌ನೂ ಮಾತುಕೊಟ್ಟ ಗುರುತಾಗಿ ಬೈಬಲ್ ಬದಲಾಯಿಸಿಕೊಂಡರು. ಶರತ್ಕಾಲದಲ್ಲಿ ಅವಳು ಗ್ರೀನಾಕ್‌ನಲ್ಲಿ ಸತ್ತಳು. ಅವಳ ಬಗ್ಗೆ ಖಚಿತವಾಗಿ ಸಿಗುವುದು ಇದಕ್ಕಿಂತ ಬಹಳ ಹೆಚ್ಚಿಲ್ಲ. ಆದರೂ ಹತ್ತೊಂಬತ್ತನೆಯ ಶತಮಾನದ ಭಕ್ತರು ಅವಳನ್ನು ದೇವತೆ ಮಾಡಿ ಡನೂನ್‌ನಲ್ಲಿ ಪ್ರತಿಮೆ ನಿಲ್ಲಿಸಿದರು. ಎದುರುತ್ತರ ಕೊಡದವಳನ್ನು ಪೂಜಿಸುವುದು ಸುಲಭ.

ಎದುರುತ್ತರ ಕೊಟ್ಟವಳು ಎಡಿನ್‌ಬರೋದ ಆಗ್ನೆಸ್ ಮ್ಯಾಕ್ಲಿಹೋಸ್. ಗಂಡ ಜಮೈಕಾದಲ್ಲಿ, ಇವಳು ಮಕ್ಕಳೊಂದಿಗೆ ಬೇರೆ. 1787ರ ಡಿಸೆಂಬರ್ 4ರಂದು ಒಂದು ಚಹಾಕೂಟದಲ್ಲಿ ಭೇಟಿಯಾದರು. ಕೆಲವೇ ದಿನಗಳಲ್ಲಿ ಬರ್ನ್ಸ್ ಗಾಡಿಯಿಂದ ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಕೋಣೆ ಹಿಡಿದ. ಹೀಗಾಗಿ ಪ್ರೇಮವೆಲ್ಲ ಪತ್ರದಲ್ಲೇ ನಡೆಯಿತು, ಅವಳು ಕ್ಲಾರಿಂಡಾ, ಅವನು ಸಿಲ್ವ್ಯಾಂಡರ್ ಎಂಬ ಹೆಸರಿನಲ್ಲಿ. ಅವನ ಪತ್ರಗಳಲ್ಲಿ ಆಡಂಬರ ಹೆಚ್ಚು; ಅವಳವು ಅದಕ್ಕಿಂತ ಚೊಕ್ಕ, ಧರ್ಮದ ವಿಷಯದಲ್ಲಿ ಅವನೊಡನೆ ನೇರ ವಾದಕ್ಕೆ ನಿಲ್ಲುತ್ತವೆ. 1788ರ ಫೆಬ್ರವರಿಯಲ್ಲಿ ಊರಿಗೆ ಹೋದ ಬರ್ನ್ಸ್, ಎರಡನೆಯ ಸಲ ಬಸುರಿಯಾಗಿ ತವರಿನಿಂದ ಹೊರಬಿದ್ದಿದ್ದ ಜೀನಳನ್ನು ಕಂಡು, ನಿನ್ನ ಮುಂದೆ ಇವಳು ಮಧ್ಯಾಹ್ನದ ಸೂರ್ಯನ ಮುಂದಿನ ಮೂರುಕಾಸಿನ ಬತ್ತಿ ಎಂಬ ಅರ್ಥದ ಮಾತನ್ನು ಕ್ಲಾರಿಂಡಾಗೆ ಬರೆದ. ಮಾರ್ಚ್‌ನಲ್ಲಿ ಜೀನ್ ಮತ್ತೆ ಅವಳಿ ಹೆತ್ತಳು. ಎರಡೂ ಕೂಸುಗಳು ಉಳಿಯಲಿಲ್ಲ. ಕೆಲವೇ ವಾರಗಳಲ್ಲಿ ಅವನು ಅದೇ ಜೀನಳನ್ನು ಹೆಂಡತಿಯೆಂದು ಒಪ್ಪಿಕೊಂಡ. ಆಗಸ್ಟ್ 5ರಂದು ಮಾಕ್ಲಿನ್ ಚರ್ಚು ಅದನ್ನು ದಾಖಲಿಸಿತು.

ಆಗ್ನೆಸ್‌ಳ ಮನೆಯಲ್ಲಿ, ಈ ಪತ್ರಗಳನ್ನು ಹೊತ್ತು ಓಡಾಡಿದ ಜೆನ್ನಿ ಕ್ಲೋ ಎಂಬ ಕೆಲಸದಾಕೆ ಇದ್ದಳು. ಯಜಮಾನಿಯೊಡನೆ ಕವಿಯ ಸಂಬಂಧ ಅಕ್ಷರದಲ್ಲಿ ಬೆಳೆಯುತ್ತಿದ್ದಾಗ ಕೆಲಸದಾಕೆ ಬಸುರಿಯಾದಳು. 1788ರ ನವೆಂಬರ್‌ನಲ್ಲಿ ಗಂಡುಮಗು ಹುಟ್ಟಿತು. ಮೂರು ವರ್ಷದ ನಂತರ, 1791ರ ನವೆಂಬರ್‌ನಲ್ಲಿ, ಮುನಿಸು ಬಿಟ್ಟು ಬರ್ನ್ಸ್‌ಗೆ ಬರೆದ ಪತ್ರದಲ್ಲಿ ಆಗ್ನೆಸ್ ಚುಚ್ಚುಮಾತಿನಲ್ಲಿ ತಿಳಿಸುತ್ತಾಳೆ: ಜೆನ್ನಿ ಸಾಯುತ್ತಿದ್ದಾಳೆ, ಕೆಲಸ ಬಿಟ್ಟಿದ್ದಾಳೆ, ಏನೂ ಇಲ್ಲದ ಒಂದು ಕೋಣೆಯಲ್ಲಿ, ನೋಡಿಕೊಳ್ಳುವವರಿಲ್ಲದೆ ಬಿದ್ದಿದ್ದಾಳೆ. ಬರ್ನ್ಸ್ ಉತ್ತರಿಸಿದ: ಹಮಾಲನೊಬ್ಬನ ಕೈಯಲ್ಲಿ ನನ್ನ ಪರವಾಗಿ ಐದು ಶಿಲ್ಲಿಂಗ್ ಕಳಿಸಿಕೊಡಿ, ಮಗುವನ್ನು ನಾನು ಎಂದೋ ಕರೆದೊಯ್ಯುತ್ತಿದ್ದೆ, ಅವಳೇ ಒಪ್ಪಲಿಲ್ಲ. ನಂತರ ಎಡಿನ್‌ಬರೋಗೆ ಬಂದ. ಡಿಸೆಂಬರ್ 6ರಂದು ಆಗ್ನೆಸ್‌ಳನ್ನು ಕೊನೆಯ ಬಾರಿ ಕಂಡ. ಅವಳು ಗಂಡನನ್ನು ಕೂಡಿಕೊಳ್ಳಲು ಜಮೈಕಾಕ್ಕೆ ಹೊರಟಿದ್ದಳು. ಡಿಸೆಂಬರ್ 27ರಂದು ಅವನು ಕಳಿಸಿದ ಹಾಡು ‘ಏ ಫಾಂಡ್ ಕಿಸ್’, ಸ್ಕಾಟ್ಸ್ ಭಾಷೆಯ ಅಗಲಿಕೆಯ ಹಾಡುಗಳಲ್ಲಿ ಅದಕ್ಕೆ ಎಣೆಯಾದುದು ನನಗೆ ಗೊತ್ತಿಲ್ಲ. ಮುಂದಿನ ಜನವರಿಯಲ್ಲಿ ಜೆನ್ನಿ ಕ್ಷಯದಿಂದ ಸತ್ತಳು. ಹಾಡು ಓದುವಾಗ ಈ ತಾರೀಖುಗಳನ್ನು ಪಕ್ಕದಲ್ಲಿಟ್ಟುಕೊಳ್ಳುವವರು ಕಡಿಮೆ. ಹಾಡಿನ ಸೊಗಸು ಇದರಿಂದ ಕುಂದುವುದಿಲ್ಲ; ಆದರೆ ಅದನ್ನು ಬರೆಯಿಸಿದ ಭೇಟಿಗೆ ದಾರಿ ಮಾಡಿದ ಪತ್ರದಲ್ಲಿ ಜೆನ್ನಿಯ ಸಾವಿನ ಹಾಸಿಗೆ ಇತ್ತು. ಜೆನ್ನಿ ಬರೆದ ಒಂದು ಸಾಲೂ ನಮ್ಮ ಮುಂದಿಲ್ಲ. ಆಗ್ನೆಸ್ ಮಾತ್ರ 1831ರ ಡಿಸೆಂಬರ್ 6ರ ದಿನಚರಿಯಲ್ಲೂ, ನಲವತ್ತು ವರ್ಷದ ಹಿಂದಿನ ಆ ಅಗಲಿಕೆಯನ್ನು ಎಂದಿಗೂ ಮರೆಯಲಾರೆ ಎಂದು ಬರೆದಿಟ್ಟಳು.

ಪ್ರೇಮದ ಸೋಂಕಿಲ್ಲದ ಸ್ನೇಹವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಅವನಿಗಿಂತ ಸುಮಾರು ಮೂವತ್ತು ವರ್ಷ ಹಿರಿಯಳಾದ ಶ್ರೀಮತಿ ಡನ್‌ಲಪ್ ಅವನ ಕವನ ಓದಿ ಆರು ಪ್ರತಿ ಬೇಕೆಂದು ಆಳನ್ನು ಅಟ್ಟಿದಳು. ಆಮೇಲೆ ವರ್ಷಗಟ್ಟಲೆ ಪತ್ರ ಬರೆದು ತಿದ್ದಿದಳು, ಗದರಿಸಿದಳು. ‘ಆಲ್ಡ್ ಲ್ಯಾಂಗ್ ಸೈನ್’ ಹಾಡನ್ನು 1788ರಲ್ಲಿ ಅವನು ಅವಳಿಗೇ ಕಳಿಸಿದ್ದು. 1795ರಲ್ಲಿ ಫ್ರಾನ್ಸಿನ ರಾಜದಂಪತಿಯ ಶಿರಚ್ಛೇದದ ಬಗ್ಗೆ ಅವನು ಆಡಿದ ಒರಟು ಮಾತಿಗೆ ಅವಳು ಮೌನಿಯಾದಳು. ಅವಳ ಹೆಣ್ಣುಮಕ್ಕಳು ಫ್ರೆಂಚ್ ರಾಜನಿಷ್ಠ ನಿರಾಶ್ರಿತರನ್ನು ಮದುವೆಯಾಗಿದ್ದರು.

ಮರಳಿ ಜೀನ್‌ಳ ಕಡೆಗೆ ಬರೋಣ. ಬೈಬಲ್, ಕೀರ್ತನೆಗಳು ಮತ್ತು ತನ್ನ ಪುಸ್ತಕ ಬಿಟ್ಟರೆ ಅವಳು ಏನನ್ನೂ ಓದಿದವಳಲ್ಲ ಎಂದು ಬರ್ನ್ಸ್ ಗೆಳತಿಯೊಬ್ಬಳಿಗೆ ಬರೆದ; ಆದರೆ ಸೀಮೆಯ ಲಾವಣಿಗಳೆಲ್ಲ ಅವಳಿಗೆ ಬರುತ್ತವೆ, ಅಂಥ ಕಂಠವನ್ನು ನಾನು ಕೇಳಿಲ್ಲ ಎಂದೂ ಸೇರಿಸಿದ. ಕೊನೆಯ ಹತ್ತು ವರ್ಷ ಅವನು ಹಳೆಯ ಮಟ್ಟುಗಳನ್ನು ಹುಡುಕಿ ಅವುಗಳಿಗೆ ಮಾತು ಕೂಡಿಸುವ ಕೆಲಸವನ್ನೇ ಮುಖ್ಯವಾಗಿ ಮಾಡಿದವನು. ಅಂಥವನಿಗೆ ಮನೆಯಲ್ಲೇ ಹಾಡುವವಳೊಬ್ಬಳು ಇದ್ದಳೆಂಬುದು ಚಿಕ್ಕ ಸಂಗತಿಯಲ್ಲ. ಜೀವನಚರಿತ್ರೆಕಾರರು ಇದನ್ನು ಅವಳ ತಾಳ್ಮೆಯ ಹೊಗಳಿಕೆಯಲ್ಲಿ ಮುಚ್ಚಿಬಿಟ್ಟಿದ್ದಾರೆ. ತಾಳ್ಮೆ ಇತ್ತು, ನಿಜ. 1791ರ ಮಾರ್ಚ್ 31ರಂದು ಡಂಫ್ರೀಸ್‌ನ ಗ್ಲೋಬ್ ಇನ್ ಎಂಬ ಪಾನಗೃಹದ ಆನ್ ಪಾರ್ಕ್ ಅವನ ಮಗಳನ್ನು ಹೆತ್ತಳು. ಏಪ್ರಿಲ್ 9ರಂದು ಜೀನ್ ಮಗನನ್ನು ಹೆತ್ತಳು. ಆನ್‌ಳ ಮಗಳನ್ನೂ ಇವಳೇ ಸಾಕಿದಳು. ನಮ್ಮ ರಾಬ್‌ಗೆ ಇಬ್ಬರು ಹೆಂಡಿರು ಇರಬೇಕಿತ್ತು ಎಂದು ಅವಳು ನಕ್ಕಳೆಂಬ ಪ್ರತೀತಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದು ಕ್ಷಮೆಯೋ ಕೊಂಕೋ ನಾನು ಹೇಳಲಾರೆ. ಕೊಂಕೆಂದು ಓದಲು ನನ್ನ ಮನಸ್ಸು ಒಲಿಯುತ್ತದೆ.

ಬರ್ನ್ಸ್‌ನ ಶವಯಾತ್ರೆಯ ದಿನವೇ ಅವಳು ಕೊನೆಯ ಮಗುವನ್ನು ಹೆತ್ತಳು. ಅಲ್ಲಿಂದ 1834ರವರೆಗೆ, 38 ವರ್ಷ, ಡಂಫ್ರೀಸ್‌ನ ಆ ಮನೆಯಲ್ಲಿ ವಿಧವೆಯಾಗಿ ಬಾಳಿ, ಕವಿಯ ಮನೆ ನೋಡಲು ಬಂದವರನ್ನೆಲ್ಲ ಬರಮಾಡಿಕೊಂಡಳು. ಇಬ್ಬರು ಗಂಡುಮಕ್ಕಳು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ ನಮ್ಮ ದೇಶಕ್ಕೆ ಬಂದರು, ವಿಲಿಯಂ ಮದ್ರಾಸಿನ ದಂಡಿಗೆ, ಜೇಮ್ಸ್ ಬಂಗಾಳದ ದಂಡಿಗೆ. ಜೇಮ್ಸ್‌ನ ಹೆಂಡತಿ ಇಲ್ಲಿ ತೀರಿಕೊಂಡಾಗ ಅವರ ಕೂಸು ಸಾರಾಳನ್ನು ಹಡಗಿನಲ್ಲಿ ಅಜ್ಜಿಯ ಬಳಿಗೆ ಕಳಿಸಲಾಯಿತು. ಆನ್ ಪಾರ್ಕ್‌ಳ ಮಗಳು ಬೆಳೆದು, ಮದುವೆಯಾಗಿ ಹೊರಟುಹೋದ ತನ್ನ ಮನೆಯಲ್ಲೇ, ಜೀನ್ ಐವತ್ತು ದಾಟಿದ ಮೇಲೆ ಇನ್ನೊಬ್ಬ ತಾಯಿಯಿಲ್ಲದ ಹುಡುಗಿಯನ್ನು ಬೆಳೆಸಲು ತೊಡಗಿದಳು.